ಒಳ್ಳೆ ಹುಡುಗಿಯ ಹೊಟ್ಟೆನೋವು

ಕೀಟಲೆ ಮಾಡುವ ಮಗುವನ್ನು ಬೇಗ ಆಪ್ತಸಲಹೆಗೆ ಕರೆತರುತ್ತಾರೆ. ಎಲ್ಲರೂ ಹೊಗಳುವ ಮಗುವನ್ನು ಕರೆತರುವುದು ಅದು ಶಾಲೆಗೆ ಹೋಗಲ್ಲ ಎಂದು ಹಟ ಹಿಡಿದ ಮೇಲೆ. ಹಾಸನ ಜಿಲ್ಲೆಯ ಶಾಲೆಗಳಿಂದ ಈ ಎರಡನೆಯ ಬಗೆಯ ಪ್ರಕರಣ ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಇಬ್ಬರು ಮಕ್ಕಳ ಮನೆಯವರ ಒಪ್ಪಿಗೆಯೂ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ.

ಹುಡುಗಿಗೆ ಎಂಟು ವರ್ಷ, ಮೂರನೇ ತರಗತಿ, ಸಕಲೇಶಪುರದ ಕಡೆಯ ಶಾಲೆ. ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಹೊಕ್ಕುಳ ಸುತ್ತ ನೋವು, ಭಾನುವಾರ ಇಲ್ಲ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿದ್ದರು. ಇದನ್ನು ಯಾರೂ ಬಿಡಬಾರದು. ತೂಕ ಇಳಿಯುವುದು, ರಾತ್ರಿ ನೋವಿಗೆ ಎಚ್ಚರವಾಗುವುದು, ಜ್ವರ, ಪದೇಪದೇ ವಾಂತಿ, ಮಲದಲ್ಲಿ ರಕ್ತ ಇದ್ದರೆ ಅದು ಸಲಹೆಗಾರರ ಕೆಲಸವಲ್ಲ. ಇವಳಿಗೆ ಇವು ಯಾವುವೂ ಇರಲಿಲ್ಲ.

ಅದೇ ತರಗತಿಯಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮಿದುಳಿಗಾದ ಪೆಟ್ಟಿನಿಂದ ಕೈಕಾಲಿನ ಚಲನೆಗೆ ತೊಂದರೆ, ಇರುವ ಒಬ್ಬ ಹುಡುಗನಿದ್ದಾನೆ. ಬಲಗೈ, ಬಲಗಾಲು ಬಿಗಿ. ನಿಧಾನವಾಗಿ ನಡೆಯುತ್ತಾನೆ, ಎಡಗೈಯಲ್ಲಿ ಬರೆಯುತ್ತಾನೆ, ಓದಿನಲ್ಲಿ ಯಾರಿಗೂ ಹಿಂದಿಲ್ಲ. ಒಂದನೇ ತರಗತಿಯಲ್ಲೇ ಟೀಚರ್ ಈ ಹುಡುಗಿಗೆ "ಇವನನ್ನ ನೀನು ನೋಡ್ಕೋಬೇಕು" ಎಂದು ವಹಿಸಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಶಾಲಾ ವಾರ್ಷಿಕೋತ್ಸವದಲ್ಲಿ ಅವಳಿಗೆ ಅದಕ್ಕೇ ಬಹುಮಾನ ಬಂತು. ಈ ಜುಲೈಯಲ್ಲಿ ಅಂಗಳದ ಪಾಚಿಯ ಮೇಲೆ ಅವನು ಜಾರಿ ಬಿದ್ದು ಗಲ್ಲಕ್ಕೆ ಪೆಟ್ಟಾದಾಗ ದೊಡ್ಡವರೆಲ್ಲ ಕೇಳಿದ್ದು ಅವಳನ್ನೇ: "ನೀನೆಲ್ಲಿ ಹೋಗಿದ್ದೆ?"

ಎರಡನೆಯ ಭೇಟಿಯಲ್ಲಿ ವಿಷಯ ಹೊರಬಿತ್ತು. ಈ ವಯಸ್ಸಿನವರನ್ನು "ಯಾಕೆ ಹೋಗಲ್ಲ?" ಎಂದು ಕೇಳಿದರೆ "ಗೊತ್ತಿಲ್ಲ" ಎನ್ನುತ್ತಾರೆ. ಅದು ಸುಳ್ಳಲ್ಲ, ಕಾರಣವನ್ನು ಮಾತಿನಲ್ಲಿ ಹೇಳಲು ಅವರಿಗೆ ಬರುವುದಿಲ್ಲ. ಕೈಗೆ ಏನಾದರೂ ಕೊಟ್ಟು ಜೋಡಿಸಲು ಹೇಳಿದರೆ ಬರುತ್ತದೆ. ಒಂದು ಹಾಳೆಯಲ್ಲಿ ಬೆಲ್ಲು, ಪ್ರಾರ್ಥನೆ, ಹಾಲು, ಪಾಠ, ಊಟ, ಆಟ, ಮನೆಗೆ ಹೊರಡುವುದು ಎಂದು ಏಳು ಚೌಕ ಹಾಕಿ, ಒಂದು ಹಿಡಿ ಹುಣಸೆಬೀಜ ಕೊಟ್ಟು ಹೇಳಿದೆ: "ಅವನಿಗೋಸ್ಕರ ನೀನು ಮಾಡೋ ಒಂದೊಂದು ಕೆಲಸಕ್ಕೂ ಒಂದೊಂದು ಬೀಜ ಇಡು ಪುಟ್ಟ."

ಅವಸರವಿಲ್ಲದೆ ಇಟ್ಟಳು. ಬ್ಯಾಗ್ ಇಳಿಸಿಕೊಡೋದು. ಶೂ ಬಿಚ್ಚೋದು. ಹಾಲಿನ ಲೋಟ ತರೋದು. ಬೋರ್ಡ್ ಮೇಲಿನದ್ದು ಅವನ ಪುಸ್ತಕಕ್ಕೂ ಬರೆಯೋದು. ಊಟದ ತಟ್ಟೆ. ಕೈ ತೊಳೆಸೋದು. ಟಾಯ್ಲೆಟ್ ಹೊರಗೆ ಕಾಯೋದು. ಆಟದ ಹೊತ್ತಲ್ಲಿ ಅವನ ಪಕ್ಕ ಕಟ್ಟೆ ಮೇಲೆ ಕೂತಿರೋದು. ಮತ್ತೆ ಶೂ. ಹಾಳೆ ತುಂಬ ಬೀಜ.

"ಇದರಲ್ಲಿ ಅವನೇ ಬಾಯಿಬಿಟ್ಟು ಕೇಳಿದ್ದು ಯಾವುದು? ಅದನ್ನ ಈ ಕಡೆ ಸರಿಸು."

ಎರಡು ಸರಿಸಿದಳು. ಹಾಲಿನ ಲೋಟ, ಊಟದ ತಟ್ಟೆ. ಬಿಸಿ ಇರುತ್ತದೆ, ಒಂದು ಕೈಯಲ್ಲಿ ಹಿಡಿದು ನಡೆದರೆ ಚೆಲ್ಲುತ್ತದೆ.

"ಮಿಕ್ಕಿದ್ದೆಲ್ಲ?"

"ಮಿಕ್ಕಿದ್ದು ಮಿಸ್‌ಗೆ."

ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದಳು: "ಶೂ ಅವನಿಗೇ ಹಾಕ್ಕೊಳ್ಳೋಕೆ ಬರುತ್ತೆ. ಲೇಟಾಗುತ್ತೆ ಅಷ್ಟೆ. ನಾನು ಸುಮ್ನೆ ನಿಂತಿದ್ರೆ ಮಿಸ್ 'ಹೆಲ್ಪ್ ಮಾಡಲ್ವಾ' ಅಂತಾರೆ. ಮಾಡೋಕೆ ಹೋದ್ರೆ ಅವನು 'ಬಿಡು, ನಾನೇ ಮಾಡ್ತೀನಿ' ಅಂತಾನೆ. ಇಬ್ರಲ್ಲಿ ಯಾರ ಮಾತು ಕೇಳ್ಲಿ?"

ಅವನಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಯಾವುದು ಬೇಕು, ಯಾವುದು ಬೇಡ ಎಂಬುದು ಆ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಈ ಮಗುವಿಗೆ. ಪರಾನುಭೂತಿ ಎಂದು ನಾವು ಕಲಿಸಲು ಹೊರಡುವುದು ಇದನ್ನೇ. ಅದು ಅವಳಲ್ಲಿತ್ತು. ಅದನ್ನು ಪಕ್ಕಕ್ಕಿಟ್ಟು ಟೀಚರ್ ಮೆಚ್ಚುವ ಹಾಗೆ ಮಾಡು ಎಂದು ಕಲಿಸಿದ್ದು ನಾವು ದೊಡ್ಡವರು. ಹುಡುಗನಿಗೂ ಅನ್ಯಾಯವಾಗಿತ್ತು. ಎರಡು ವರ್ಷ ಅವನು ಪಡೆಯುವವನಾಗಿಯೇ ಇದ್ದ. ಯಾರಿಗೂ ಏನನ್ನೂ ಮಾಡಿಕೊಡುವ ಸರದಿ ಅವನಿಗೆ ಬಂದಿರಲಿಲ್ಲ, ಆಟದಲ್ಲಿ ಸೋಲುವ ಸರದಿಯೂ.

ತಂದೆ ಮಗಳನ್ನು ಬೇರೆ ಶಾಲೆಗೆ ಹಾಕುತ್ತೇನೆಂದರು. ಬೇಡವೆಂದೆ. ಹಾಗೆ ಮಾಡಿದರೆ ತಾನು ಸೋತೆ ಎಂದು ಅವಳಿಗೆ ಅನ್ನಿಸುತ್ತದೆ, ತನ್ನಿಂದ ಗೆಳತಿ ಹೋದಳು ಎಂದು ಅವನಿಗೆ. ಬದಲಾಗಬೇಕಾದದ್ದು ತರಗತಿ.

ಟೀಚರ್ ಕೇಳಿದರು: "ಹಾಗಾದ್ರೆ ಮಕ್ಕಳಿಗೆ ಸಹಾಯ ಮಾಡೋದು ಕಲಿಸ್ಬಾರ್ದಾ ಮೇಡಂ?" ನ್ಯಾಯವಾದ ಪ್ರಶ್ನೆ. ಉತ್ತರ ಚಟುವಟಿಕೆಯಿಂದ ಕಲಿಸುವ ಅವರ ನಲಿಕಲಿ ಕೋಣೆಯಲ್ಲೇ ಇತ್ತು. ಅಲ್ಲಿ ಮಕ್ಕಳು ಗುಂಪಾಗಿ ಕೂರುವ ಐದು ತಟ್ಟೆಗಳಿವೆ: ಶಿಕ್ಷಕರ ಪೂರ್ಣ ಸಹಾಯದಿಂದ ಹಿಡಿದು ಸ್ವಕಲಿಕೆಯವರೆಗೆ. ಮಗು ಕಲಿತಂತೆ ಸಹಾಯ ಕಡಿಮೆಯಾಗುತ್ತ ಹೋಗುತ್ತದೆ. ಓದು, ಲೆಕ್ಕದಲ್ಲಿ ಈ ಹುಡುಗ ಸ್ವಕಲಿಕೆಯ ತಟ್ಟೆಯಲ್ಲಿ ಕೂರುತ್ತಾನೆ. ಶೂ, ಬ್ಯಾಗು, ಆಟದ ವಿಷಯಕ್ಕೆ ಬಂದರೆ ಒಂದನೇ ತಟ್ಟೆ ಬಿಟ್ಟು ಏಳಲು ಅವನಿಗೆ ಯಾರೂ ಬಿಟ್ಟಿಲ್ಲ.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಮಕ್ಕಳಿಗಲ್ಲ, ಕೋಣೆಗೆ. ಒಂದು ಮಗುವಿಗೆ ಅಡ್ಡಿಯಾಗುವುದನ್ನು ತೆಗೆಯುವುದು ಶಾಲೆಯ ಹೊಣೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಅದನ್ನು ಎಂಟು ವರ್ಷದ ಹುಡುಗಿಯ ಹೆಗಲಿಗೆ ಹಾಕಬಾರದು. ಲೇಸಿನ ಶೂ ಬದಲು ವೆಲ್ಕ್ರೋ ಪಟ್ಟಿಯದ್ದು. ಟಿಫಿನ್ ಡಬ್ಬಿಯ ಅಡಿಗೆ ಒದ್ದೆ ಬಟ್ಟೆ ಹಾಸಿದರೆ ಡಬ್ಬಿ ಜಾರುವುದಿಲ್ಲ, ಒಂದೇ ಕೈಯಲ್ಲಿ ಮುಚ್ಚಳ ತೆಗೆಯಬಹುದು. ತಿರುಗಿಸುವ ಮುಚ್ಚಳ ಬೇಡ, ಒತ್ತಿ ಮುಚ್ಚುವುದಿರಲಿ. ಪುಸ್ತಕ ಸರಿಯದಂತೆ ರಟ್ಟಿಗೆ ಕ್ಲಿಪ್. ಹಾಲು ಎಲ್ಲರಿಗೂ ಅರ್ಧ ಲೋಟದಂತೆ ಎರಡು ಸಲ, ಕೂತಲ್ಲಿಗೇ. ಅವನೊಬ್ಬನಿಗೇ ಹಾಗೆ ಕೊಟ್ಟರೆ ಮತ್ತೆ ಬೇರೆ ಮಾಡಿದಂತೆ. ಬೆಲ್ಲಿಗೆ ಐದು ನಿಮಿಷ ಮುಂಚೆ ಶೂ ಹಾಕಿಕೊಳ್ಳಲು ಬಿಡಬೇಕು. ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಬೇಕು, ಮಲೆನಾಡಿನ ಮಳೆಗೆ ಇದು ಒಂದು ಸಲದ ಕೆಲಸವಲ್ಲ. ಮೆಟ್ಟಿಲಿಗೆ ಗೋಣಿಚೀಲ ಹಾಸುವ ರೂಢಿಯಿದೆ. ಅಂಚು ಮಡಚಿಕೊಂಡರೆ ಕಾಲು ಎಳೆದು ನಡೆಯುವ ಮಗು ಅದಕ್ಕೇ ಎಡವುತ್ತದೆ, ಆದ್ದರಿಂದ ನಾಲ್ಕೂ ಮೂಲೆಗೆ ಮೊಳೆ. ಇನ್ನೇನು ಬೇಕೆಂದು ನೋಡಿ ಹೇಳಲು ಬ್ಲಾಕ್ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ವಿಶೇಷ ಅಗತ್ಯದ ಮಕ್ಕಳ ಕಲಿಕೆಗೆ ನೆರವಾಗುವವರನ್ನು, ಕರೆಸಲು ಹೇಳಿದೆ. ಇಷ್ಟು ಮಾಡಿದರೆ ಹಾಳೆಯ ಮೇಲಿನ ಬೀಜ ಅರ್ಧಕ್ಕಿಂತ ಹೆಚ್ಚು ತಾನಾಗಿಯೇ ಖಾಲಿ.

ಎರಡನೆಯದು ಮುಚ್ಚಳದ ಆಟ. ಇಡೀ ತರಗತಿ ಜೋಡಿ ಜೋಡಿಯಾಗಿ ಕೂರಬೇಕು. ಒಬ್ಬರ ಕೈಯಲ್ಲಿ ಬಿಗಿಯಾದ ಡಬ್ಬಿ. ಇನ್ನೊಬ್ಬರು ಎರಡೂ ಕೈ ತೊಡೆಯ ಮೇಲಿಟ್ಟು ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಬೇಕು. ಆಮೇಲೆ "ಸಹಾಯ ಬೇಕಾ?" ಎಂದು ಒಂದೇ ಸಲ ಕೇಳಬೇಕು. ಬೇಡ ಎಂದರೆ ಅಲ್ಲಿಗೆ ಬಿಡಬೇಕು. ಬೇಕು ಎಂದರೆ "ಹೇಗೆ ಮಾಡ್ಲಿ?" ಎಂಬುದು ಎರಡನೆಯ ಪ್ರಶ್ನೆ. ಡಬ್ಬಿ ಹಿಡಿದುಕೊಂಡರೆ ಸಾಕು ಎಂದರೆ ಹಿಡಿದುಕೊಳ್ಳಬೇಕು, ತೆಗೆದುಕೊಡಬಾರದು. ಹತ್ತು ನಿಮಿಷ, ಆಮೇಲೆ ಪಾತ್ರ ಅದಲುಬದಲು. ಮಕ್ಕಳಿಗೆ ಕಷ್ಟವಾಗುವುದು ಕೈ ಕಟ್ಟಿ ಕೂರುವುದು. ಅದೇ ಪಾಠ. ಮೊದಲ ವಾರ ತಪ್ಪುವುದು ಇಲ್ಲಿ: ಎಲ್ಲರೂ ಆ ಹುಡುಗನ ಹತ್ತಿರ ಹೋಗಿ "ಬೇಕಾ, ಬೇಕಾ" ಎಂದು ಮುತ್ತಿಕೊಳ್ಳುತ್ತಾರೆ. ಅದಕ್ಕೆ, ಒಮ್ಮೆ ಬೇಡ ಎಂದ ಮೇಲೆ ಅವನೇ ಕರೆಯುವವರೆಗೆ ಕೇಳುವಂತಿಲ್ಲ ಎಂಬ ನಿಯಮ. ಇನ್ನೊಂದು ತಪ್ಪು ಟೀಚರ್ ಕೈಯದ್ದು. ಅವರೇ ಅವಸರಕ್ಕೆ ಅವನ ಶೂಗೆ ಬಾಗಿದರೆ ಆಟ ಅಲ್ಲಿಗೇ ಮುಗಿಯಿತು.

ಮೂರನೆಯದು, ತರಗತಿಯ ಕೆಲಸ, ಸಹಾಯಕ್ಕೆ ಸರದಿಪಟ್ಟಿ: ಹಾಜರಿ ಕ್ರಮದಲ್ಲಿ, ದಿನಕ್ಕೆ ಇಬ್ಬರು. ಅದರಲ್ಲಿ ಅವನ ಹೆಸರೂ ಇರಬೇಕು, ನಿಜವಾದ ಕೆಲಸದೊಂದಿಗೆ. ಬೆಲ್ಲು ಹೊಡೆಯುವುದು, ಒಂದನೇ ತರಗತಿಯವರಿಗೆ ಮಗ್ಗಿ ಹೇಳಿಸುವುದು. ತೋರಿಕೆಗೆ ಕೊಟ್ಟ ಕೆಲಸವನ್ನು ಮಕ್ಕಳು ಒಂದೇ ದಿನದಲ್ಲಿ ಪತ್ತೆ ಮಾಡುತ್ತಾರೆ. ಲಗೋರಿಯಲ್ಲಿ ಅವನಿಗೆ ಓಡುವ ಬದಲು ಕಲ್ಲು ಜೋಡಿಸುವ ಪಾಲು ಬೇಕೋ, ಅವನ ಪರವಾಗಿ ಇನ್ನೊಬ್ಬ ಓಡಬೇಕೋ ಎಂದು ಅವನನ್ನೇ ಕೇಳಿ ನಿಯಮ ಮಾಡಬೇಕು.

"ಅವನ ಕೈ ಯಾಕೆ ಹಂಗಿದೆ?" ಎಂದು ಮಕ್ಕಳು ಕೇಳಿದಾಗ ಶ್ಶ್ ಎಂದು ಸುಮ್ಮನಿರಿಸಬೇಡಿ. ಸುಮ್ಮನಿರಿಸಿದರೆ ಉತ್ತರವನ್ನು ಮನೆಯಿಂದ ತರುತ್ತಾರೆ. ಈ ತರಗತಿಗೂ ಗ್ರಹಣದ ಕಥೆ, ಹೋದ ಜನ್ಮದ ಕರ್ಮದ ಕಥೆ ಬಂದಿದ್ದವು. ಹುಡುಗನನ್ನೂ ಅವನ ತಾಯಿಯನ್ನೂ ಮೊದಲು ಕೇಳಿ, ಅವರು ಒಪ್ಪಿದ ಮಾತನ್ನು ಟೀಚರ್ ಹೇಳಿದರು: "ಕೈಕಾಲಿಗೆ ಹೀಗೆ ಮಾಡು ಅಂತ ಹೇಳೋದು ಮಿದುಳು. ಇವನು ತುಂಬ ಸಣ್ಣವನಿದ್ದಾಗ ಮಿದುಳಿನ ಒಂದು ಭಾಗಕ್ಕೆ ಪೆಟ್ಟಾಗಿತ್ತು. ಅದಕ್ಕೆ ಬಲಗೈ ಬಿಗಿ. ಇದು ಅಂಟಲ್ಲ, ಯಾರ ತಪ್ಪೂ ಅಲ್ಲ." ಮಕ್ಕಳಿಗೆ ಅಷ್ಟು ಸಾಕಾಯಿತು. ಒಬ್ಬ "ಬರೆಯೋಕೆ ಎಡಗೈ ನೋಯಲ್ವಾ?" ಎಂದು ಕೇಳಿದ, ಇವನೇ ಉತ್ತರ ಕೊಟ್ಟ.

ಒಂದು ಕೈ ಬೆನ್ನಿಗೆ ಕಟ್ಟಿಕೊಂಡು ಊಟ ಮಾಡಿಸುವ ಚಟುವಟಿಕೆಯನ್ನು ಟೀಚರ್ ಯೋಚಿಸಿದ್ದರು. ಅದನ್ನು ಬಿಡಲು ಹೇಳಿದೆ. ಹತ್ತು ನಿಮಿಷ ಕೈ ಕಟ್ಟಿಕೊಂಡ ಮಗು ಚೆಲ್ಲುತ್ತದೆ, ಅಯ್ಯೋ ಪಾಪ ಎನ್ನುತ್ತದೆ. ಚಿಕ್ಕಂದಿನಿಂದ ಒಂದು ಕೈಯಲ್ಲಿ ಊಟ ಮಾಡುತ್ತಿರುವವನು ಚೆಲ್ಲುವುದಿಲ್ಲ. ಅವನ ಕಲಿಕೆಯನ್ನು ಆ ಚಟುವಟಿಕೆ ಮುಚ್ಚಿಹಾಕುತ್ತದೆ.

ಹುಡುಗಿಯನ್ನು ಕೆಲಸದಿಂದ ಬಿಡಿಸುವುದು ಎಲ್ಲರೆದುರು ಆಗಬೇಕೆಂದು ಪಟ್ಟು ಹಿಡಿದೆ. ಗುಟ್ಟಾಗಿ ಬಿಡಿಸಿದರೆ ಅಂದು ಅವನು ಬಿದ್ದದ್ದಕ್ಕೆ ತನಗೆ ಶಿಕ್ಷೆ ಎಂದುಕೊಳ್ಳುತ್ತಾಳೆ. "ಇಷ್ಟು ದಿನ ನೀನು ಮಾಡಿದ್ದಕ್ಕೆ ಥ್ಯಾಂಕ್ಸ್. ಅವನು ಬಿದ್ದಿದ್ದು ಪಾಚಿಯಿಂದ, ನಿನ್ನಿಂದ ಅಲ್ಲ. ಇನ್ಮೇಲೆ ಇದು ಎಲ್ಲರ ಕೆಲಸ" ಎಂದು ಟೀಚರ್ ಹೇಳಿದರು. ಮನೆಯಲ್ಲಿ "ನಮ್ಮ ಮಗಳು ಎಷ್ಟು ಒಳ್ಳೆಯವಳು" ಎಂದು ನೆಂಟರೆದುರು ಹೇಳುವುದನ್ನು ತಾಯಿ ಕೆಲವು ತಿಂಗಳು ನಿಲ್ಲಿಸಬೇಕು ಎಂದಾಗ ಅವರಿಗೆ ಬೇಸರವಾಯಿತು, ಆದರೂ ನಿಲ್ಲಿಸಿದರು. ಹೊಟ್ಟೆನೋವು ತಕ್ಷಣ ಹೋಗಲಿಲ್ಲ, ವಾರಕ್ಕೊಮ್ಮೆ ಬಂದು ಬಂದು ಕಡಿಮೆಯಾಯಿತು. ಅವರಿಬ್ಬರೂ ಈಗಲೂ ಒಟ್ಟಿಗೇ ಕೂರುತ್ತಾರೆ, ಜಗಳವನ್ನೂ ಆಡುತ್ತಾರೆ.

ಇದೇ ರೀತಿ ಮಾಡಲು ಹೊರಟ ಶಿಕ್ಷಕರು ದಸರಾ ರಜೆಯ ನಂತರದ ವಾರ ಎಚ್ಚರವಾಗಿರಬೇಕು. ರಜೆಯಲ್ಲಿ ಮಕ್ಕಳು ಮರೆತಿರುತ್ತಾರೆ, ಪಟ್ಟಿ ಗೋಡೆಯಿಂದ ಬಿದ್ದಿರುತ್ತದೆ, ಕೆಲಸ ಮತ್ತೆ ಅದೇ ಒಂದು ಮಗುವಿನ ಕೈಗೆ ಬರುತ್ತದೆ. ಶಾಲೆ ತೆರೆದ ಮೊದಲ ದಿನವೇ ಹೊಸ ಪಟ್ಟಿ ಹಚ್ಚಿ, ಮುಚ್ಚಳದ ಆಟವನ್ನು ಇನ್ನೊಮ್ಮೆ ಆಡಿಸಿ. ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಹೊಸದಾಗಿ ಸೇರಿದ್ದರೆ ಆಟದ ಆ ಎರಡು ಪ್ರಶ್ನೆಗಳನ್ನು ಅವರ ಭಾಷೆಯಲ್ಲಿ ಹೇಗೆ ಕೇಳುವುದೆಂದು ಅವರಿಂದಲೇ ತರಗತಿ ಕಲಿಯಲಿ.