ಡಬಲ್ ಟ್ರಾಲಿಗೆ ಟೈರ್ ಪ್ರೆಶರ್ ಸೆನ್ಸರ್ ಹಾಕಿದ್ರ ನಡೀತೈತೇನು, ವಾಲ್ವ್ ಎಂಥಾದ್ದಿರಬೇಕು?

ನೀವು ಕೇಳಿದ್ದು ಎರಡು ಟ್ರಾಲಿ, ಎಂಟು ಟೈರ್, ಎಲ್ಲಾ ಟ್ಯೂಬಿನವು, ಟೋಪಿ ಹಂಗ ತಿರುವಿ ಹಾಕೂ ಸೆನ್ಸರ್ ಹಾಕಿದ್ರ ವಾಲ್ವ್ ತಡೀತೈತೋ ಇಲ್ಲೋ, ಒಳಗ ಕೂಡೂ ಸೆನ್ಸರ್ ಛಲೋನೋ ಹೊರಗಿಂದು ಛಲೋನೋ ಅಂತ. ನಮ್ದು ಸೊಲ್ಲಾಪುರ ಜಿಲ್ಲಾ, ಮಂದ್ರೂಪ ಕಡೆ ಭೀಮಾ ದಂಡಿ, ಹಂಗಾಮಿನ್ಯಾಗ ಕಾರ್ಖಾನಿಗೆ ಕಬ್ಬು ಹೊಡೀತೀನಿ. ಸೆನ್ಸರ್ ಹಾಕಿ ಮೂರು ಹಂಗಾಮ ಆತು, ಅದ್ರಾಗ ಮೊದಲ್ನೇದು ಪೂರಾ ತಪ್ಪು ಮಾಡೂದ್ರಾಗ ಹೋತು, ಅದಕ್ಕ ಹೇಳಾಕ ಹಕ್ಕೈತಿ ಅನಕೊಂಡೇನಿ.

ಹಾಕ್ರಿ, ಆದ್ರ ಸೆನ್ಸರ್ ತಗೊಳ್ಳೂಕಿಂತ ಮೊದ್ಲ ವಾಲ್ವ್ ನೋಡ್ರಿ. ಹೊರಗಿನ ಸೆನ್ಸರ್ ಏನು ಮಾಡತೈತಿ ಅಂದ್ರ ವಾಲ್ವ್ ಒಳಗಿನ ಪಿನ್ನು ಒತ್ತಿ ಹಿಡೀತೈತಿ, ಅಂದ್ರನ ಅದಕ್ಕ ಒಳಗಿನ ಹವಾ ತಿಳೀತೈತಿ. ಹಂಗಂದ್ರ ಸೆನ್ಸರ್ ಇರೂತನಕಾ ನಿಮ್ಮ ಪಿನ್ನು ತೆರದ ಇರತೈತಿ, ಹವಾ ತಡಿಯೂದು ಪಿನ್ನಲ್ಲ, ಸೆನ್ಸರ್ ಒಳಗಿನ ಆ ಸಣ್ಣ ರಬ್ಬರ್ ವಾಷರ್! ಇದನ್ನ ಮಾರಾವ ಯಾರೂ ಹೇಳೂದಿಲ್ಲ. ಸೆನ್ಸರ್ ಒಂದು ಸುತ್ತು ಸಡ್ಲ ಆತು, ಇಲ್ಲಾ ಕಬ್ಬಿನ ಕೂಳಿ ಬಡದು ಸೀಳಿತು ಅಂದ್ರ ಪಂಕ್ಚರ್ ಆಗದನ ಟೈರ್ ಕೂಡತೈತಿ. ನನಗ ಮೊದಲ್ನೇ ತಿಂಗಳದಾಗ ಎರಡು ಸರ್ತಿ ಹಿಂಗ ಆತು, ಪಂಕ್ಚರ್ ಅಂಗಡಿಯಂವ ಟ್ಯೂಬ್ ನೀರಾಗ ಅದ್ದಿ ಅದ್ದಿ ಸಾಕಾಗಿ ಕಡೀಕ ವಾಲ್ವ್ ಬಾಯಿಗೆ ಉಗುಳು ಹಚ್ಚಿ ನೋಡಿದ, ಗುಳ್ಳಿ ಅಲ್ಲೇ ಏಳಾಕತ್ತಿತ್ತು. ಈಗ ನಾನೂ ಸೆನ್ಸರ್ ತಿರುವಿದ ಮ್ಯಾಲ ಸಾಬಣದ ನೀರು ಹಚ್ಚೇ ಬಿಡೂದು.

ಇನ್ನ ನಿಮ್ಮ ಟ್ಯೂಬಿನ ವಾಲ್ವ್ ಎಂಥಾದ್ದು ಅಂತ ನೋಡ್ರಿ. ಪೂರಾ ಹಿತ್ತಾಳಿದು, ಬಾಗಿದ ವಾಲ್ವ್ ಇದ್ರ ಕಾಳಜಿ ಇಲ್ಲ. ಕೆಲವು ಟ್ಯೂಬಿಗೆ ಬುಡದಿಂದ ರಬ್ಬರಿನ ವಾಲ್ವ್ ಬರತೈತಿ, ಅದ್ರ ತುದಿಗೆ ಸೆನ್ಸರ್ ತೂಕ ಬಿತ್ತಂದ್ರ ಗಾಲಿ ತಿರುಗಿದಂಗ ಅದು ಬಳುಕಿ ಬಳುಕಿ ಬುಡಕ್ಕ ಬಿರುಕು ಬಿಡತೈತಿ, ಹತ್ತು ಹದಿನೈದು ಗ್ರಾಮಿನ ಸೆನ್ಸರ್ ಏನು ಮಾಡೀತು ಅನ್ನಬ್ಯಾಡ್ರಿ, ನಮ್ಮ ಹೊಲದ ದಾರಿ ನೋಡಿದ್ರ ತಿಳೀತೈತಿ. ಟ್ಯೂಬ್‌ಲೆಸ್ ಡಿಸ್ಕಿಗೆ, ಅಂದ್ರ ಟೈರ್ ಕೂಡೂ ಕಬ್ಬಿಣದ ಗಾಲಿಗೆ, ಕಾರಿನ ರಬ್ಬರ್ ವಾಲ್ವ್ ಹಾಕ್ಸಿದವ್ರೂ ಅದಾರ, ಟಿಆರ್ 413 ಅನ್ನೂದು, ಅದು ತಡಿಯೂದ 65 ಪೌಂಡ್ ಹವಾ, ನಾ ಟ್ರಾಲಿ ಟೈರಿಗೆ ಇಡೂದ 100. ಹೈ ಪ್ರೆಶರ್ ರಬ್ಬರ್ ವಾಲ್ವ್ ಟಿಆರ್ 600 ಆದ್ರೂ 100ಕ್ಕ ಮುಗೀತು. ಟ್ರಾಲಿಗೆ ನಟ್ ಹಾಕಿ ಬಿಗಿಯೂ ಲೋಹದ ವಾಲ್ವನ ಬೇಕು, ಅದೂ ಹಿತ್ತಾಳಿದ ಇರಲಿ, ಅಲ್ಯೂಮಿನಿಯಂ ವಾಲ್ವ್ ಮ್ಯಾಲ ಹಿತ್ತಾಳಿ ದಾರದ ಸೆನ್ಸರ್ ಕೂತು ಮಳಿ ನೀರು ಕುಡದ್ರ ಎರಡೂ ಕಚ್ಕೊಂಡು ಬಿಡೂದಿಲ್ಲ.

ಇನ್ನೊಂದು ವಾಲ್ವ್ ಗುರ್ತು ಹೇಳ್ತೀನಿ, ಸೆನ್ಸರ್‌ಗೂ ಇದಕ್ಕೂ ಸಂಬಂಧ ಐತಿ. ಡಿಸ್ಕಿನ ತೂತಿನ್ಯಾಗ ವಾಲ್ವ್ ನೆಟ್ಟಗ ನಿಂತಿಲ್ಲ, ಒಂದು ಕಡೆ ವಾಲೇತಿ ಅಂದ್ರ ಒಳಗ ಟ್ಯೂಬ್ ಜರದೈತಿ. ಹವಾ ಕಮ್ಮಿ ಇಟ್ಟು ಲೋಡ್ ಜಗ್ಗಿದ್ರ ಟೈರ್ ಡಿಸ್ಕಿನ ಮ್ಯಾಲ ಸ್ವಲ್ಪ ಸ್ವಲ್ಪ ಸರೀತೈತಿ, ಟ್ಯೂಬೂ ಅದರ ಬೆನ್ನ ಹತ್ತತೈತಿ, ಒಂದಿನ ವಾಲ್ವ್ ಬುಡಾ ಕತ್ತರಿಸಿ ಒಮ್ಮಿಗೇ ಹವಾ ಹೋಗತೈತಿ. ಅಂಥಾ ವಾಲ್ವಿಗೆ ಸೆನ್ಸರ್ ಹಾಕೂಕಿಂತ ಮೊದ್ಲ ಗಾಲಿ ಬಿಚ್ಚಿ ಟ್ಯೂಬ್ ಸರಿ ಮಾಡ್ಸ್ರಿ.

ಒಳಗ ಕೂಡೂ ಸೆನ್ಸರ್ ನಿಮಗ ಬರೂದೇ ಇಲ್ಲ, ಟ್ಯೂಬಿನ ಟೈರ್ ಒಳಗ ಅದಕ್ಕ ಜಾಗಾ ಎಲ್ಲೈತಿ. ಟ್ಯೂಬ್‌ಲೆಸ್ ಇದ್ದವ್ರಿಗೆ ಅದು ಛಲೋ, ಬಡತಾ ಇಲ್ಲ ಕಳುವಿಲ್ಲ, ಆದ್ರ ಬ್ಯಾಟರಿ ಹೋದ್ರ ಟೈರ್ ಬಿಚ್ಚಬೇಕು. ಹೊರಗಿಂದಕ್ಕ ಸಿಆರ್ 1632 ಅಂತ ರೂಪಾಯಿಯಂಥಾ ಸೆಲ್ಲು, ಮನ್ಯಾಗ ಕೂತು ಹಾಕೋಬೋದು.

ನಾ ಯಾಕ ಈ ಉಸಾಬರಿಗೆ ಬಿದ್ದೆ ಅಂದ್ರ, ಒಂದಿನಾ ಜನವರಿ ರಾತ್ರಿ ಹಿಂದಿನ ಟ್ರಾಲಿಯ ಹಿಂದಿನ ಗಾಲಿ ಕೂತಿತ್ತು, ಡ್ರೈವರ್‌ಗೆ ಗೊತ್ತಿಲ್ಲ, ಟ್ರ್ಯಾಕ್ಟರಿಗೆ ಜಗ್ಗೂ ತಾಕತ್ತು ಬಾಳ ನೋಡ್ರಿ, ಸ್ಟೇರಿಂಗಿಗೆ ಸುದ್ದೀನ ಬರೂದಿಲ್ಲ, ಮ್ಯಾಲ ಹಾಡು ಬ್ಯಾರೆ ಆ ಪರಿ ಹಚ್ಚಿರ್ತಾನ. ಎದುರಿಂದ ಬಂದ ಜೀಪಿನವ ಕೈ ಮಾಡಿ ಹೇಳೂತನಕಾ ಟೈರ್, ಟ್ಯೂಬ್, ಟ್ಯೂಬಿಗೂ ಡಿಸ್ಕಿಗೂ ನಡು ಇರೂ ರಬ್ಬರ್ ಪಟ್ಟಿ ಫ್ಲಾಪ್ ಎಲ್ಲಾ ಚಿಂದಿ, ಡಿಸ್ಕೂ ಸೊಟ್ಟ. ತುಂಬಿದ ಟ್ರಾಲಿಗೆ ಜ್ಯಾಕ್ ಕೊಡೂದು ಎಂಥಾ ಕೆಲಸ ಅಂತ ನಿಮಗ ಹೇಳೂದು ಬ್ಯಾಡ. ಕಾರಿನ್ಯಾಗ ಆದ್ರ ಕೂಡ್ಲೇ ತಿಳೀತೈತಿ, ಟ್ರಾಲಿಗೇ ಈ ಸೆನ್ಸರ್ ಹೆಚ್ಚು ಬೇಕಾದ್ದು ಅಂತ ನನ್ನ ಲೆಕ್ಕ. ಯುರೋಪಿನ್ಯಾಗ 2024ರ ಜುಲೈದಿಂದ ಹೊಸಾ ದೊಡ್ಡ ಟ್ರೇಲರ್‌ಗೆ ಕಡ್ಡಾಯನ ಮಾಡ್ಯಾರ. ನಮ್ಮಲ್ಲಿ 2020ರಾಗ ಬಂದ ರೂಲು ಕಾರಿಂದು, ಸೆನ್ಸರೂ ಟ್ಯೂಬ್‌ಲೆಸ್ ಟೈರೂ ರಿಪೇರಿ ಕಿಟ್ಟೂ ಇದ್ರ ಸ್ಟೆಪ್ನಿ ಬ್ಯಾಡ ಅಂತ, ಅದನ್ನ ಕೇಳಿ ಟ್ರಾಲಿ ಸ್ಟೆಪ್ನಿ ಮನ್ಯಾಗ ಬಿಟ್ಟು ಹೋಗಬ್ಯಾಡ್ರಿ ಮತ್ತ.

ಕಿಟ್ ತಗೋವಾಗ ಎರಡು ನೋಡ್ರಿ. ಕಾರಿನ ಕಿಟ್ ಅಗ್ಗ ಸಿಗತೈತಿ ಅಂತ ತರಬ್ಯಾಡ್ರಿ, ಟ್ರಾಲಿ ಟೈರಿನ ಹವಾ ಓದೂ ಅಷ್ಟು ಅದರ ಅಳತಿ ಇರೂದಿಲ್ಲ, ಕನಿಷ್ಠ 150 ಪೌಂಡ್ ಓದೂವಂಥಾ ಲಾರಿ ಕಿಟ್ ಬೇಕು. ಎರಡ್ನೇದು ರಿಪೀಟರ್, ಅಂದ್ರ ಸಿಗ್ನಲ್ ಹಿಡದು ಮುಂದ ದೂಡೂ ಡಬ್ಬಿ. ಸಣ್ಣ ಸೆಲ್ಲಿನ ಸೆನ್ಸರ್ ಸಿಗ್ನಲ್ ಹಿಂದಿನ ಟ್ರಾಲಿಯ ಕಡೀ ಗಾಲಿಯಿಂದ, ನಡು ಎಲ್ಲಾ ಕಬ್ಬಿಣಾ ಹಸೀ ಕಬ್ಬು ದಾಟಿ, ಟ್ರ್ಯಾಕ್ಟರ್ ಸೀಟಿನ ಮುಂದ ಬರಬೇಕಲ್ಲ. ಖಾಲಿ ಇದ್ದಾಗ ಎಂಟೂ ತೋರ್ಸ್ತಿತ್ತು, ಲೋಡ್ ಆದ ಕೂಡ್ಲೇ ಹಿಂದಿನ ಎರಡು ಮಾಯ! ನಾ ಮುಂದಿನ ಟ್ರಾಲಿಯ ಹಿಂಬದಿಗೆ ರಿಪೀಟರ್ ಕಟ್ಟಿ ಬ್ಯಾಟರಿಯಿಂದ 12 ವೋಲ್ಟ್ ವೈರ್ ಎಳದ ಮ್ಯಾಲನ ಸರಿ ಆತು.

ಸೆಟ್ಟಿಂಗ್ ಹೊತ್ತಿಗೆ ಮುಂಜಾನೆ ತಣ್ಣಗಿದ್ದಾಗಿನ ಹವಾನ ಲೆಕ್ಕ ಹಿಡೀರಿ. ನಮ್ದು 7.50-16 ಅಳತಿ ಟೈರ್, ನಾ 100 ಪೌಂಡ್ ಇಡ್ತೀನಿ, ನೀವು ನಿಮ್ಮ ಟೈರ್ ಮ್ಯಾಲ ಬರದದ್ದು ನೋಡ್ಕೊರಿ. ಟೈರ್ 20 ಡಿಗ್ರಿ ಬಿಸಿ ಆದ್ರ 100 ಇದ್ದದ್ದು 107-108 ತೋರಸ್ತೈತಿ, ಹೆಚ್ಚಾತು ಅಂತ ಡ್ರೈವರ್ ಪಿನ್ನು ಒತ್ತಿ ಹವಾ ಬಿಟ್ಟಾನು, ಬಿಡಸಬ್ಯಾಡ್ರಿ, ರಾತ್ರಿ ತಣ್ಣಗಾದ ಮ್ಯಾಲ ಕಮ್ಮಿ ಬೀಳತೈತಿ. ಕಮ್ಮಿ ಅಲಾರಂ ನಾ 85ಕ್ಕ ಇಟ್ಟೇನಿ. ಅಂಕಿಗಿಂತ ಹೋಲಿಕಿ ನೋಡೂದು ಕಲೀರಿ, ಏಳು ಗಾಲಿ 106 ಇದ್ದು ಒಂದು 98 ಇದ್ರ ಅಲಾರಂ ಹೊಡೀದಿದ್ರೂ ಆ ಗಾಲಿಗೆ ಏನೋ ಆಗೈತಿ.

ಕಾರ್ಖಾನಿ ಯಾರ್ಡಿನ್ಯಾಗ ಟ್ರಾಲಿ ಬಿಚ್ಚಿ ಹಿಂದಿಂದು ಮುಂದ ಕಟ್ಟಿದ್ರ ಡಿಸ್‌ಪ್ಲೇಯಾಗ ಗಾಲಿ ಅದಲು ಬದಲು ಆಗತೈತಿ, ಅದಕ್ಕ ಡಿಸ್ಕಿನ ಮ್ಯಾಲ ಪೇಂಟಿನಿಂದ ಸೆನ್ಸರ್ ನಂಬರ್ ಬರದೀನಿ. ಕಳುವಿಗೆ ಕೆಳಗ ಲಾಕ್ ನಟ್ ಕೊಟ್ಟಿರ್ತಾರ, ಹಾಕ್ರಿ, ಆದ್ರ ಅದರ ಸಣ್ಣ ಪಾನಾ ಪಂಕ್ಚರ್ ಅಂಗಡ್ಯಾಗ ಸಿಗೂದಿಲ್ಲ, ಸೆನ್ಸರ್ ಬಿಚ್ಚದ ಹವಾ ಹಾಕಾಕೂ ಬರೂದಿಲ್ಲ. ನಮ್ಮ ಡ್ರೈವರ್ ಇಕ್ಕಳದಿಂದ ತಿರುವಿ ಒಂದು ಸೆನ್ಸರ್ ಒಡದ ಮ್ಯಾಲ ಆ ಪಾನಾ ಟ್ರ್ಯಾಕ್ಟರ್ ಕೀಲಿ ಗೊಂಚಲಿಗೇ ಕಟ್ಟಿಬಿಟ್ಟೇನಿ.