‘ಸೆವರಲಿ’ ಎಂದರೆ ‘ಹಲವರಾಗಿ’ ಎಂದೇ ನಾನೂ ತಿಳಿದಿದ್ದೆ

ಸಾಲದ ಜಾಮೀನು ಪತ್ರಗಳಲ್ಲಿ ಬರುವ ‘ಜಾಯಿಂಟ್ಲಿ ಅಂಡ್ ಸೆವರಲಿ’ ಎಂಬಲ್ಲಿನ ‘ಸೆವರಲಿ’ಯ ಅರ್ಥವೇನು, ಅದನ್ನು ನಮ್ಮ ಇಂಗ್ಲಿಷ್ ಬರವಣಿಗೆಯಲ್ಲಿ ಬಳಸುವುದು ಹೇಗೆ ಎಂದು ಕೇಳಿದ್ದೀರಿ. ಆ ಪದ ಮೂರು ವರ್ಷ ನನ್ನ ಸಂಬಳವನ್ನು ತಿಂದಿದೆ.

ಶಿರಸಿಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿದ್ದಾಗ ಭಾವ ತನ್ನ 4 ಲಕ್ಷದ ಸಾಲಕ್ಕೆ ಜಾಮೀನು ಕೇಳಿಕೊಂಡು ಬಂದ. ಸಿಪ್ಪೆಯ ಕಲೆ ತಾಗೀತೆಂದು ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದು ಓದಿದೆ. ಜಾಮೀನುದಾರರು ನಾಲ್ವರು, ‘ಸೆವರಲ್’ ಎಂದರೆ ಹಲವು, ಹಾಗಾದರೆ ‘ಸೆವರಲಿ’ ಎಂದರೆ ಹಲವರಲ್ಲಿ ಹಂಚಿಕೊಂಡು ಎಂದು ಲೆಕ್ಕ ಹಾಕಿ, ನನ್ನ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ‘ತಲಾ 1 ಲಕ್ಷ’ ಎಂದು ಬರೆದುಕೊಂಡೇ ರುಜು ಹಾಕಿದೆ. ಮುಂದಿನ ಮಳೆಗಾಲ ಕೊಳೆರೋಗ ಬಂದು ಭಾವನ ತೋಟದ ಫಸಲು ಉದುರಿತು, ಕಂತು ನಿಂತಿತು, ಬಾಕಿಯಷ್ಟಕ್ಕೂ ನೋಟೀಸು ನನ್ನೊಬ್ಬನಿಗೇ ಬಂತು. ನಾಲ್ವರಲ್ಲಿ ತಿಂಗಳ ಸಂಬಳದವನು ಮಾಸ್ತರನಾದ ನಾನೊಬ್ಬನೇ.

ತಪ್ಪು ಎಲ್ಲಿತ್ತೆಂದರೆ, ‘ಸೆವರಲ್’ ಪದದ ಲ್ಯಾಟಿನ್ ಮೂಲದ ಅರ್ಥ ‘ಬೇರೆ ಬೇರೆ’ ಎಂದು. ‘ಹಲವು’ ಎಂಬುದು ಆಮೇಲೆ ಬಂದದ್ದು. ಕಾನೂನು ಹಳೆಯ ಅರ್ಥವನ್ನೇ ಉಳಿಸಿಕೊಂಡಿದೆ. 1932ರ ಪಾಲುದಾರಿಕೆ ಕಾಯ್ದೆಯ 25ನೇ ಕಲಮಿನಲ್ಲೂ ಪಾಲುದಾರರ ಹೊಣೆಯನ್ನು ಹೇಳಲು ಇದೇ ಪದವಿದೆ. ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಎಂಬ ರೂಢಿಯ ಅನುವಾದವನ್ನೂ ನಾನು ನಂಬುವುದಿಲ್ಲ. ‘ಪ್ರತ್ಯೇಕ’ ಎಂದ ಕೂಡಲೇ ನಮ್ಮ ಮನಸ್ಸು ತನ್ನ ಪಾಲನ್ನಷ್ಟೇ ಎಣಿಸುತ್ತದೆ. ‘ಎಲ್ಲರೂ ಕೂಡಿ, ಇಲ್ಲವೇ ಯಾವನಾದರೂ ಒಬ್ಬನೇ ಪೂರ್ತಿಯಾಗಿ’ ಎಂದಿದ್ದರೆ ನಾನು ಪೆನ್ಸಿಲು ಮುಟ್ಟುತ್ತಿರಲಿಲ್ಲ. ಹಾಗೆಂದು ತಲಾ ಒಂದು ಪಾಲಿನ ಲೆಕ್ಕ ಸುಳ್ಳೂ ಅಲ್ಲ: 1872ರ ಕರಾರು ಕಾಯ್ದೆಯ 146ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಜಾಮೀನುದಾರರು ತಮ್ಮತಮ್ಮೊಳಗೆ ಸಮಪಾಲು ಹೊರಬೇಕು. ಆದರೆ ಅದು ನಮ್ಮ ನಾಲ್ವರ ನಡುವಿನ ಮಾತು, ಸಾಲ ಕೊಟ್ಟವರನ್ನು ಕಟ್ಟಿಹಾಕುವ ಮಾತಲ್ಲ. ಅವರಿಗೆ ಮೊದಲು ತುಂಬಿ, ಆಮೇಲೆ ಉಳಿದ ಮೂವರ ಮನೆ ಬಾಗಿಲಿಗೆ ನಾನೇ ಹೋಗಬೇಕು.

ಇನ್ನು ಈ ಪದವನ್ನು ಬಳಸುವುದು ಹೇಗೆಂಬ ಪ್ರಶ್ನೆಯೇ ನನಗೆ ಸರಿಕಾಣುವುದಿಲ್ಲ. ಪತ್ರದಲ್ಲಿ ‘ಸೆಪರೇಟ್ಲಿ’ ಎಂದು ಬರೆದರೆ ಧಾರಾಳವಾಯಿತು. ಇದು ಬರೆಯಲು ಕಲಿಯುವ ಪದವಲ್ಲ, ಕಂಡಾಗ ಗುರುತು ಹಿಡಿಯಬೇಕಾದ ಪದ. ಒಂದು ವೇಳೆ ಈಗ ಅಂಥದೇ ಕಾಗದ ನಿಮ್ಮ ಮುಂದಿದ್ದರೆ ನಿಘಂಟನ್ನು ಮುಚ್ಚಿಟ್ಟು, ಜೊತೆಗೆ ರುಜು ಹಾಕುವವರಲ್ಲಿ ಸಂಬಳದವರು ಎಷ್ಟು ಜನ ಎಂದು ಮೊದಲು ಎಣಿಸಿರಿ.

ನನ್ನ ಜೊತೆಯ ಇಬ್ಬರು ತಮ್ಮ ಪಾಲು ಕೊಟ್ಟರು. ಮೂರನೆಯವನು ಪ್ರತಿ ವರ್ಷವೂ ಚಾಲಿ ಅಡಿಕೆಗೆ ದರ ಏರಲಿ ಎನ್ನುತ್ತಿದ್ದಾನೆ.