ಪ್ರತಿ ಸಲ ಮೊದಲ ಹೆಸರೇ ಬರುತ್ತದೆ, ಯಾಕೆ?

ಪ್ರಶ್ನೆ: ಸಿ ಕಲಿಯುತ್ತಿದ್ದೇನೆ. ಕರೆದಾಗಲೆಲ್ಲ ಡೈರೆಕ್ಟರಿಯ ಮುಂದಿನ ಹೆಸರು ಕೊಡುವ ಒಂದು ಫಂಕ್ಷನ್ ಬೇಕು. ಅದರೊಳಗೇ ಡೈರೆಕ್ಟರಿ ತೆರೆಯುವ ಓಪನ್‌ಡೈರ್, ಒಂದೊಂದೇ ಹೆಸರು ಓದುವ ರೀಡ್‌ಡೈರ್, ಮುಚ್ಚುವ ಕ್ಲೋಸ್‌ಡೈರ್ ಮೂರನ್ನೂ ಬರೆದೆ. ಎಷ್ಟು ಸಲ ಕರೆದರೂ ಮೊದಲ ಹೆಸರೇ ಬರುತ್ತದೆ. ಓಪನ್‌ಡೈರ್ ಕೊಡುವ ಪಾಯಿಂಟರನ್ನು ಸ್ಟ್ಯಾಟಿಕ್ (ಫಂಕ್ಷನ್ ಮುಗಿದರೂ ಅಳಿಯದಂತೆ) ಮಾಡು, ಸರಿಹೋಗುತ್ತೆ ಅಂತ ಗೆಳೆಯ ಹೇಳಿದ. ಮಾಡಬಹುದೇ?

ಉತ್ತರ: ಸರಿಹೋದ ಹಾಗೆ ಕಾಣುತ್ತದೆ. ಆದರೂ ಮಾಡಬೇಡಿ.

ಪ್ರತಿ ಸಲ ತೆರೆದು ಮುಚ್ಚಿದರೆ ಓದು ಮೊದಲಿನಿಂದಲೇ ಶುರುವಾಗುತ್ತದೆ, ಅಲ್ವಾ? ಎಲ್ಲಿಯವರೆಗೆ ಓದಿದೆವು ಅನ್ನುವ ಗುರುತು ಎರಡು ಕರೆಗಳ ನಡುವೆ ಎಲ್ಲೋ ಉಳಿಯಬೇಕು. ಅದು ಎಲ್ಲಿರಬೇಕು ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ.

ನಾನೂ ಒಮ್ಮೆ ಅದನ್ನು ಸ್ಟ್ಯಾಟಿಕ್‌ನಲ್ಲಿ ಇಟ್ಟಿದ್ದೆ. ಒಳಗಿನ ಡೈರೆಕ್ಟರಿಗಳಿಗೂ ಇಳಿದು ಫೈಲ್ ಎಣಿಸುವ ಪ್ರೋಗ್ರಾಂ ಅದು. ಒಳಗಿನದಕ್ಕೆ ಇಳಿದ ಕೂಡಲೇ ಹೊರಗಿನದರ ಗುರುತು ಅಳಿಸಿಹೋಗುತ್ತಿತ್ತು. ಒಳಗಿನದು ಮುಗಿದರೆ ಹೊರಗಿನದೂ ಮುಗಿದಂತೆ. ಪ್ರೋಗ್ರಾಂ ಕ್ರ್ಯಾಶ್ ಆಗಲಿಲ್ಲ, ಸುಮ್ನೆ ಎಣಿಕೆ ಕಡಿಮೆ ಕೊಡುತ್ತಿತ್ತು. ಕಾರಣ ಸಿಗಲು ಎರಡು ದಿನ ಬೇಕಾಯಿತು. ಅಂಥ ತಪ್ಪು ನಿಮ್ಮ ಪಾಲಿಗೆ ಬರುವುದು ಬೇಡ.

ಗುರುತು ಕರೆಯುವವರ ಕೈಯಲ್ಲಿರಲಿ. ಒಂದು ಸ್ಟ್ರಕ್ಟ್ (ಬೇಕಾದ ಮಾಹಿತಿಯನ್ನು ಒಟ್ಟಿಗೆ ಇಡುವ ಕಟ್ಟು) ಮಾಡಿ, ಅದರಲ್ಲಿ ಓಪನ್‌ಡೈರ್ ಕೊಟ್ಟ ಪಾಯಿಂಟರ್ ಇಡಿ. ತೆರೆಯಲು ಒಂದು, ಮುಂದಿನದನ್ನು ಕೊಡಲು ಒಂದು, ಮುಚ್ಚಲು ಒಂದು, ಹೀಗೆ ಮೂರು ಫಂಕ್ಷನ್ ಬರೆಯಿರಿ. ಮೂರಕ್ಕೂ ಅದೇ ಸ್ಟ್ರಕ್ಟ್‌ನ ವಿಳಾಸ ಕೊಡಿ.

ನಡುವಿನ ಫಂಕ್ಷನ್ನಿಗೆ ಜಾಸ್ತಿ ಗಮನ ಬೇಕು. ರೀಡ್‌ಡೈರ್ ಕೊಡುವ ಪಾಯಿಂಟರ್ ನಿಮ್ಮದಲ್ಲ. ಅದನ್ನು ಫ್ರೀ ಮಾಡಬಾರದು. ಅದೇ ಡೈರೆಕ್ಟರಿಗೆ ಮತ್ತೆ ರೀಡ್‌ಡೈರ್ ಕರೆದಾಗ ಹಳೆಯ ಹೆಸರಿನ ಮೇಲೆ ಹೊಸದು ಬಂದು ಕೂರಬಹುದು. ಹಾಗಾಗಿ ಹೆಸರನ್ನು ಕರೆಯುವವರ ಬಫರಿಗೆ (ಹೆಸರು ಇಡಲು ಅವರು ಕೊಟ್ಟ ಜಾಗಕ್ಕೆ) ನಕಲು ಮಾಡಿ, ಬಫರಿನ ಅಳತೆಯನ್ನೂ ಕೇಳಿ ಪಡೆಯಿರಿ. ಅಳತೆ ಯಾಕೆ ಅಂದರೆ, ಹೆಸರಿನ ಉದ್ದ ಎಲ್ಲ ಕಡೆ ಒಂದೇ ಅಲ್ಲ. ಹಳೆಯ ಯುನಿಕ್ಸ್‌ನಲ್ಲಿ ಡೈರೆಕ್ಟರಿಯ ಒಂದೊಂದು ನಮೂದೂ 16 ಬೈಟ್ ಇರುತ್ತಿತ್ತು: ಐನೋಡ್ ಸಂಖ್ಯೆಗೆ (ಫೈಲಿಗೆ ವ್ಯವಸ್ಥೆ ಕೊಡುವ ಸಂಖ್ಯೆ) 2, ಹೆಸರಿಗೆ 14. ಜನ ಡೈರೆಕ್ಟರಿಯನ್ನು ಮಾಮೂಲಿ ಫೈಲಿನಂತೆಯೇ ಓದುತ್ತಿದ್ದರು. 1983ರ 4.2ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ ಹೆಸರು 255 ಬೈಟ್‌ವರೆಗೆ ಬೆಳೆಯಿತು, ನಮೂದುಗಳ ಉದ್ದ ಬೇರೆಬೇರೆ ಆಯಿತು. ಓಪನ್‌ಡೈರ್ ಬಳಗ ಬಂದದ್ದು ಅದರ ಜೊತೆಗೇ. ಲಿನಕ್ಸ್‌ನಲ್ಲಿ ಕೊನೆಯ ಸೊನ್ನೆಯೂ ಸೇರಿ 256 ಬೈಟ್ ಇಟ್ಟುಕೊಳ್ಳಿ.

ರೀಡ್‌ಡೈರ್ ಪಟ್ಟಿ ಮುಗಿದರೂ ನಲ್ (ಖಾಲಿ ಪಾಯಿಂಟರ್) ಕೊಡುತ್ತದೆ, ಓದುವಾಗ ತೊಂದರೆಯಾದರೂ ನಲ್. ಇದನ್ನು ಬೇರ್ಪಡಿಸದ ಕೋಡ್ ನೋಡಿದರೆ ನನಗೆ ಬೇಸರವಾಗುತ್ತದೆ. ಅರ್ಧ ಪಟ್ಟಿಯನ್ನೇ ಪೂರ್ತಿ ಅಂದುಕೊಂಡು ಮುಂದೆ ಹೋಗಿಬಿಡುತ್ತದೆ. ರೀಡ್‌ಡೈರ್ ಕರೆಯುವ ಮುಂಚೆ ಎರ್ನೋಗೆ (ತೊಂದರೆಯ ಸಂಖ್ಯೆ ಇರುವ ಸಿ ವೇರಿಯಬಲ್) 0 ಹಾಕಿ. ನಲ್ ಬಂದಾಗ ಅದು 0 ಆಗಿಯೇ ಇದ್ದರೆ ಪಟ್ಟಿ ಮುಗಿದಿದೆ, ಬದಲಾಗಿದ್ದರೆ ತೊಂದರೆಯಾಗಿದೆ. ನಿಮ್ಮ ಫಂಕ್ಷನ್ ಹೆಸರು ಸಿಕ್ಕರೆ 1, ಮುಗಿದರೆ 0, ತಪ್ಪಾದರೆ -1 ಕೊಡಲಿ.

ಒಂದು ಚುಕ್ಕೆ, ಎರಡು ಚುಕ್ಕೆ ಎಂಬ ಹೆಸರುಗಳೂ ಸಾಮಾನ್ಯವಾಗಿ ಬರುತ್ತವೆ. ಮೊದಲನೆಯದು ಅದೇ ಡೈರೆಕ್ಟರಿ, ಎರಡನೆಯದು ಅದರ ಮೇಲಿನದು. ಇವನ್ನು ಬಿಡದೆ ಒಳಗೆ ಇಳಿದರೆ ಸುತ್ತುತ್ತಲೇ ಇರುತ್ತೀರಿ. ಬಿಡುವಾಗ ಪೂರ್ತಿ ಹೆಸರನ್ನು ಹೋಲಿಸಿ. ಮೊದಲ ಅಕ್ಷರ ಮಾತ್ರ ನೋಡಿದರೆ ಚುಕ್ಕೆಯಿಂದ ಶುರುವಾಗುವ ನಿಜವಾದ ಫೈಲುಗಳೂ ಬಿಟ್ಟುಹೋಗುತ್ತವೆ. ಹೆಸರುಗಳು ಅಕಾರಾದಿಯಾಗಿ ಬರುತ್ತವೆ ಅಂತಲೂ ನಂಬಬೇಡಿ.

ಬರೆದ ಮೇಲೆ ಒಂದೇ ಡೈರೆಕ್ಟರಿಯನ್ನು ಎರಡು ಸ್ಟ್ರಕ್ಟ್‌ಗಳಲ್ಲಿ ತೆರೆಯಿರಿ. ಇದರಿಂದ ಒಂದು ಹೆಸರು, ಅದರಿಂದ ಒಂದು ಹೆಸರು, ಹೀಗೆ ಸರದಿಯಲ್ಲಿ ಕೇಳಿ. ಎರಡೂ ಕಡೆ ಪೂರ್ತಿ ಪಟ್ಟಿ ಬರಬೇಕು. ನಿಮ್ಮ ಗೆಳೆಯರ ಸ್ಟ್ಯಾಟಿಕ್ ಉಪಾಯಕ್ಕೂ ಇದೇ ಪರೀಕ್ಷೆ ಮಾಡಿ ಅವರಿಗೆ ತೋರಿಸಿ.